ಅಫೀಬಾ ಅಜ್ಜಿಯ ಭತ್ತ

ಪರಮಾರಿಬೋ

ಮಹಾಲಿಂಗಪುರದ ಬೆಲ್ಲದ ಗಾಣದ ಮನೆಗೆ ಸೊಸೆಯಾಗಿ ಬಂದವಳು ನಾನು. ಜಮಖಂಡಿ ದಾಟಿದರೆ ವಿಜಯಪುರ, ವಿಜಯಪುರ ದಾಟಿದರೆ ಸೊಲ್ಲಾಪುರ, ಅಲ್ಲಿಗೆ ನನ್ನ ಜಗತ್ತು ಮುಗಿಯುತ್ತಿತ್ತು. ಅಂಥವಳು ಅರವತ್ತು ತುಂಬಿದ ಮೇಲೆ ದಕ್ಷಿಣ ಅಮೆರಿಕದ ಸೂರಿನಾಮ್ ದೇಶಕ್ಕೆ ಯಾಕೆ ಹೋದೆ ಎಂದು ನಮ್ಮ ಓಣಿಯವರು ಇನ್ನೂ ಕೇಳುತ್ತಾರೆ. ತಮ್ಮನಿದ್ದಾನೆ, ಹೋದೆ. ನನ್ನ ತಮ್ಮ ಈರಣ್ಣ ಅಲ್ಲಿನ ಸಮುದ್ರದ ದಂಡೆಯ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಪ್ರತಿ ದೀಪಾವಳಿಗೆ ಫೋನು ಮಾಡಿ ಕರೆಯುತ್ತಿದ್ದ. ನಮ್ಮ ಮನೆಯವರು ಗಾಣ ಬಿಟ್ಟು ಕದಲುವವರಲ್ಲ, ಹೀಗಾಗಿ ನಾನೊಬ್ಬಳೇ ಹೊರಟೆ.

ಹೊರಡುವ ದಿನ ಅತ್ತೆಯವರು ನನ್ನ ಉಡಿ ತುಂಬಿದರು. ನಮ್ಮಲ್ಲಿ ಹೆಣ್ಣುಮಗಳು ದೂರ ಹೊರಟರೆ ಬರಿಯ ಉಡಿಯಲ್ಲಿ ಕಳಿಸುವ ಪದ್ಧತಿ ಇಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ ಹಾಕಿ, ರವಿಕೆಗೆಂದು ಒಂದು ಖಣ ಇಟ್ಟು, "ಹೋಗಿ ಬಾ" ಅನ್ನುತ್ತಾರೆ. ಬರೀ "ಹೋಗು" ಅಂದರೆ ಅಪಶಕುನ. ಅದನ್ನೆಲ್ಲ ಗಂಟು ಕಟ್ಟಿ ಚೀಲದಲ್ಲಿಟ್ಟುಕೊಂಡೆ. ಜೊತೆಗೆ ನಮ್ಮ ಗಾಣದ ಒಂದು ಬೆಲ್ಲದ ಅಚ್ಚು.

ಪರಮಾರಿಬೋ ಆ ದೇಶದ ರಾಜಧಾನಿ. ವಿಮಾನ ನಿಲ್ದಾಣದಲ್ಲಿ ದಪ್ಪ ಕನ್ನಡಕದ ಒಬ್ಬ ಅಧಿಕಾರಿಣಿ ನನ್ನ ಗಂಟು ಬಿಚ್ಚಿಸಿದಳು. ನನಗೆ ಬರುವ ಇಂಗ್ಲಿಷಿನಲ್ಲಿ "ಬ್ಲೆಸಿಂಗ್, ಮೇಡಂ, ಬ್ಲೆಸಿಂಗ್" ಅಂದೆ. ಹೊರದೇಶದ ಕಾಳು ಬೀಜ ಒಳಗೆ ಬಿಡುವಂತಿಲ್ಲ ಎಂದು ಅವಳು ಅಕ್ಕಿ, ಅಡಿಕೆ, ಅರಿಷಿಣ, ಕೊಬ್ಬರಿ ಎಲ್ಲವನ್ನೂ ಒಂದು ಹಳದಿ ಡಬ್ಬಿಗೆ ಸುರಿದಳು. ಬೆಲ್ಲವನ್ನು ಮೂಸಿ ನೋಡಿ ಬಿಟ್ಟಳು, ಖಣವನ್ನು ನೀಟಾಗಿ ಮಡಿಚಿ ಕೊಟ್ಟಳು. ನಾನು ಬೈದೆ. ಕನ್ನಡದಲ್ಲಿ ಬೈದೆನಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಹೊರಗೆ ಕಾಯುತ್ತಿದ್ದ ಈರಣ್ಣನ ಮುಂದೆ ಅತ್ತೇಬಿಟ್ಟೆ.

"ಹೋಗ್ಲಿ ಬಿಡ ಅಕ್ಕಾ," ಅಂದ. "ಈ ದೇಶದಾಗ ಅಕ್ಕಿಗೇನ ಬರ ಬಂದೈತಿ? ನಾ ಇರೂದ ಅಕ್ಕಿ ಗಿರಣ್ಯಾಗ."

"ಗಿರಣಿ ಅಕ್ಕಿ ಬ್ಯಾರೆ, ಉಡಿಯಕ್ಕಿ ಬ್ಯಾರೆ. ನಿನಗೇನ ತಿಳೀತೈತಿ, ಗಂಡಸು."

ಹಳೆಯ ಸಕ್ಕರೆ ತೋಟ

ನಮ್ಮ ಜೊತೆ ತಿರುಗಾಡಲು ಅಬೇನಿ ಎಂಬ ಹುಡುಗಿ ಬಂದಿದ್ದಳು. ಗಿರಣಿಯಲ್ಲಿ ಪೆಟ್ಟಾದವರಿಗೆ ಮದ್ದು ಹಚ್ಚಿ ಪಟ್ಟಿ ಕಟ್ಟುವ ಕೆಲಸ ಅವಳದು. ಈರಣ್ಣನ ಬೆರಳಿಗೆ ಎರಡು ಸಲ ಹೊಲಿಗೆ ಹಾಕಿದ್ದಾಳಂತೆ, ಅವನನ್ನು ಅಣ್ಣಾ ಎಂದು ಕನ್ನಡದಲ್ಲೇ ಕರೆಯುತ್ತಾಳೆ. ಎತ್ತರದ ಹುಡುಗಿ, ಕಪ್ಪು ಎಂದರೆ ಮಿಂಚುವ ಕಪ್ಪು. ತಲೆಗೆ ಸದಾ ಒಂದು ಅರಿವೆ ಸುತ್ತಿಕೊಂಡಿರುತ್ತಿದ್ದಳು.

ಮೊದಲು ಅವಳು ತೋರಿಸಿದ್ದು ಹೊಳೆಯಾಚೆಯ ಒಂದು ಹಾಳು ತೋಟ. ಆ ದೇಶವನ್ನು ಹಾಲೆಂಡಿನ ಡಚ್ಚರು ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಕಬ್ಬು ಬೆಳೆದು ಸಕ್ಕರೆ ಮಾಡುತ್ತಿದ್ದರು. ನಾನು ಸಡಗರದಿಂದಲೇ ಹೋದೆ, ನಮ್ಮ ಕಸುಬಲ್ಲವೇ. ತುಕ್ಕು ಹಿಡಿದ ಉರುಳೆಗಳು ನಮ್ಮ ಗಾಣದವುಗಳಂತೆಯೇ ಇದ್ದವು. ಪಾಕ ಕುದಿಸುವ ಕಬ್ಬಿಣದ ಕೊಪ್ಪರಿಗೆಗಳು ನೆಲದಲ್ಲಿ ಅರ್ಧ ಹೂತು, ಅವುಗಳೊಳಗೆ ಮಳೆನೀರು ನಿಂತು ಕಪ್ಪೆ ಕೂತಿದ್ದವು. ಇದು ಹದಕ್ಕೆ ಬರುವ ಕಡಾಯಿ, ಇದು ರಸ ಇಳಿಯುವ ಕಡೆ ಎಂದು ನಾನೇ ಅಬೇನಿಗೆ ಪಾಠ ಹೇಳತೊಡಗಿದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಉರುಳೆಗಳ ಪಕ್ಕದ ಕಂಬ ತೋರಿಸಿ ಏನೋ ಹೇಳಿದಳು. ಈರಣ್ಣ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಂದ.

"ಇಲ್ಲೊಂದು ಕೊಡಲಿ ಇಟ್ಟಿರತಿದ್ರಂತ ಅಕ್ಕಾ. ಕಬ್ಬು ಹಾಕೂ ಮುಂದ ಗುಲಾಮರ ಕೈ ಸಿಕ್ಕೊಂಡ್ರ ಕಡದು ಬಿಡಾಕ. ಗಾಣ ನಿಂದರಬಾರದು ಅಂತ."

ನಮ್ಮ ಗಾಣದಲ್ಲೂ ಒಮ್ಮೆ ಒಬ್ಬ ಆಳಿನ ಕೈ ಸಿಕ್ಕಿತ್ತು. ನಮ್ಮ ಮಾವನವರು ಓಡಿಹೋಗಿ ಎಂಜಿನ್ನಿನ ಬೆಲ್ಟನ್ನೇ ಎಳೆದು ಕಿತ್ತಿದ್ದರು, ಅವರ ಅಂಗೈ ಸುಟ್ಟಿತ್ತು. ಅದನ್ನು ಅಬೇನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ, ಆ ಕಂಬದ ಮುಂದೆ ನಿಂತು ನಮ್ಮ ಮನೆಯ ಒಳ್ಳೆಯತನ ಹೇಳಿಕೊಳ್ಳಲು ನಾಚಿಕೆಯಾಯಿತು.

ತೋಟದ ತುದಿಗೆ ಒಂದು ಕಾಲುವೆ. ಅದರಾಚೆ ಕಾಡು ಗೋಡೆಯಂತೆ ನಿಂತಿದೆ. "ಇಲ್ಲಿಂದ ಹೋದರು ನಮ್ಮವರು," ಅಂದಳು ಅಬೇನಿ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದವರು ರಾತ್ರಿ ಈ ಕಾಲುವೆ ಈಜಿ ಕಾಡು ಹೊಕ್ಕರು. ಸಿಕ್ಕಿಬಿದ್ದವರ ಹಿಮ್ಮಡಿಯ ನರ ಕತ್ತರಿಸುತ್ತಿದ್ದರು, ಮತ್ತೆ ಓಡಬಾರದೆಂದು. ಆದರೂ ಹೋದರು. ಹೋಗಿ, ನೀರು ಬಂಡೆಗಳ ಮೇಲೆ ಧುಮುಕುವ ಜಾಗಗಳ ಹಿಂದೆ, ದಂಡು ಬರಲಾರದ ಕಡೆ ಊರು ಕಟ್ಟಿಕೊಂಡರು, ಹೊಲ ಮಾಡಿದರು. ಹಿಡಿಯಲು ಬಂದವರೊಡನೆ ಕಾದಾಡಿದರು. ಕಡೆಗೆ ಡಚ್ಚರೇ ಸೋತು ಇವರೊಡನೆ ಒಪ್ಪಂದ ಮಾಡಿಕೊಂಡರು. ಉಳಿದ ಗುಲಾಮರಿಗೆ ಬಿಡುಗಡೆ ಸಿಗುವುದಕ್ಕಿಂತ ಎಷ್ಟೋ ತಲೆಮಾರು ಮೊದಲೇ ಇವರು ಸ್ವತಂತ್ರರು.

ನಾನು ಬೆಳೆದದ್ದು ಮುಧೋಳ ಸೀಮೆಯ ಹಲಗಲಿ ಬೇಡರ ಕಥೆ ಕೇಳಿ, ಆಯುಧ ಕೊಡೆವು ಎಂದು ನಿಂತವರ ಕಥೆ. ಆದರೆ ಅಲ್ಲಿ ನನಗೆ ನೆನಪಾದದ್ದು ನಮ್ಮ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಗಳು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಒಬ್ಬ ಸಿದ್ದಿ ಹೆಂಗಸು ನನ್ನ ಪಕ್ಕ ಕೂತು, ಅಚ್ಚ ಕನ್ನಡದಲ್ಲಿ ಬಸ್ಸಿನ ತಡವನ್ನು ಬೈದಿದ್ದಳು. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಅವರ ಹಿರಿಯರೂ ಹೀಗೆಯೇ ಕಾಡು ಸೇರಿದ್ದರೆಂದು ಎಲ್ಲೋ ಓದಿದ್ದೆ. ಮನೆಯ ಹತ್ತಿರದ ಆ ಕಥೆಯನ್ನು ಕೇಳದೆ ಇಷ್ಟು ದೂರ ಬಂದೆನಲ್ಲ ಅನಿಸಿತು.

ತಿರುಗಿ ಬರುವಾಗ ದೋಣಿಯಲ್ಲಿ ಗಾಳಿಗೆ ಅಬೇನಿಯ ತಲೆಯ ಅರಿವೆ ಸರಿಯಿತು. ಒಳಗೆ ಕೂದಲು ಬಿಚ್ಚಿ ಕೆದರಿತ್ತು. ಅಷ್ಟು ಅಚ್ಚುಕಟ್ಟಿನ ಹುಡುಗಿ ತಲೆ ಬಾಚದೆ ಇರುವುದೇಕೆಂದು ಈರಣ್ಣನನ್ನು ಕೇಳಿದೆ.

"ಆಕಿಗೆ ಹಾಲೆಂಡಿನ್ಯಾಗ ನರ್ಸ್ ಕಲಿಯಾಕ ಸೀಟ ಸಿಕ್ಕೈತಿ," ಅಂದ. "ಇವರಲ್ಲಿ ದೂರ ಹೋಗೂ ಮುಂದ ಆಯಿನೇ ಮೊಮ್ಮಗಳ ತಲಿ ಹೆಣೀಬೇಕು. ಆಯಿ ಒಲ್ಲೆ ಅಂದು ಕುಂತಾಳ. ಓಡಿ ಬಂದದ್ದು ಡಚ್ಚರ ಕಡೆಯಿಂದ, ಈಗ ಮೊಮ್ಮಗಳು ಅವರ ಊರಿಗೇ ಹೊಂಟಾಳ ಅಂತ ಸಿಟ್ಟು. ಆಯಿ ಹೆಣೀಲಾರದ ಹೋಗೂದಿಲ್ಲ ಅಂತಾಳ ಈಕಿ. ಟಿಕೀಟ ಬ್ಯಾರೆ ಆಗೇತಿ."

ನಾನು ಹಿಂದಿರುಗುವ ವಿಮಾನವೂ ಆಮ್ಸ್ಟರ್‌ಡ್ಯಾಮಿನ ಮೇಲೆಯೇ ಹೋಗುವುದಾಗಿದ್ದರಿಂದ ಈರಣ್ಣ ಇಬ್ಬರಿಗೂ ಕೂಡಿಯೇ ಟಿಕೀಟು ಮಾಡಿಸಿದ್ದ. ಅದಕ್ಕೆ ಮೊದಲು ಅವಳ ಊರಿಗೆ ಹೋಗಿ ಅಜ್ಜಿಯನ್ನು ಒಲಿಸಬೇಕಿತ್ತು. ನಮ್ಮನ್ನೂ ಕರೆದಳು. ಪರವೂರಿನವರ ಮುಂದೆ ಅಜ್ಜಿ ಜಗಳ ಮಾಡಲಿಕ್ಕಿಲ್ಲ ಎಂಬ ಲೆಕ್ಕಾಚಾರ ಅವಳದು.

ಹೊಳೆ

ದಕ್ಷಿಣಕ್ಕೆ ಹೋಗುವ ರಸ್ತೆ ಒಂದು ದೊಡ್ಡ ಜಲಾಶಯದ ಸಮೀಪ ಹಾದುಹೋಗುತ್ತದೆ. ಅಣೆಕಟ್ಟು ಕಟ್ಟಿದಾಗ ಇವರ ಎಷ್ಟೋ ಊರು ಮುಳುಗಿದವಂತೆ. ಅಜ್ಜಿ ಹುಟ್ಟಿದ ಊರೂ ಅದರ ತಳದಲ್ಲಿದೆ ಎಂದಳು ಅಬೇನಿ.

ನನ್ನ ತವರೂ ಬೀಳಗಿ ತಾಲೂಕಿನಲ್ಲಿ, ಗಲಗಲಿಯ ಆಚೆ, ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಹಳೆಯ ಮನೆಯ ಕಟ್ಟೆ ಕಾಣುತ್ತದೆ ಎಂದು ಈರಣ್ಣ ಅವಳಿಗೆ ಹೇಳಿದ. ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ರಸ್ತೆ ಮುಗಿಯುವವರೆಗೂ ಬಿಡಲಿಲ್ಲ, ಬೆವರಿದರೂ ನಾನೂ ಬಿಡಿಸಿಕೊಳ್ಳಲಿಲ್ಲ.

ರಸ್ತೆ ಮುಗಿದ ಮೇಲೆ ದೋಣಿ. ಒಂದೇ ಮರ ಕೊರೆದು ಮಾಡಿದ ಉದ್ದನೆಯ ದೋಣಿ, ಹಿಂದೆ ಎಂಜಿನ್ನು. ಗಲಗಲಿಯಲ್ಲಿ ನಾವಿಯಲ್ಲಿ ಕೂತು ಬೆಳೆದವಳು ಎಂಬ ಜಂಬ ನನಗೆ. ಮೊದಲ ಬಂಡೆಗಳ ಇಳಿಜಾರಿಗೆ ಬಂದಾಗಲೇ ಅದು ಇಳಿಯಿತು. ನೀರು ಮೇಲಿಂದ ನಮ್ಮೆದುರಿಗೆ ಧುಮುಕುತ್ತಿದೆ, ದೋಣಿಯವನು ಬಂಡೆಗಳ ನಡುವೆ ದೋಣಿಯನ್ನು ಸೂಜಿಯೊಳಗೆ ದಾರ ತೂರಿಸಿದಂತೆ ತೂರಿಸುತ್ತಿದ್ದಾನೆ. ನನ್ನ ಇಳಕಲ್ ಸೀರೆ ತೊಯ್ದು ಭಾರವಾಯಿತು. ಒಂದು ಚಪ್ಪಲಿ ಹೊಳೆಗೆ ಹೋಯಿತು. ಕಾಲು ಬಂಡೆಗೆ ತಾಗಿ ಪಾದ ಊದಿತು. ಎಲ್ಲ ಶರಣರನ್ನೂ ಸರದಿಯಂತೆ ನೆನೆದೆ.

"ಡಚ್ಚರ ಸಿಪಾಯಿಗಳೂ ಹಿಂಗ ಅಂಜತಿದ್ರಂತ," ಎಂದು ಈರಣ್ಣ ನಕ್ಕ. "ಅದಕ್ಕ ಇಂಥಲ್ಲಿ ಊರು ಕಟ್ಯಾರ."

ಅಜ್ಜಿಯ ಊರು

ಊರಿನ ಹೆಸರು ಬರೆಯಬೇಡ ಎಂದು ಅಜ್ಜಿ ಹೇಳಿದ್ದಾಳೆ, ಬರೆಯುವುದಿಲ್ಲ. ದಂಡೆಯಿಂದ ಊರಿಗೆ ನೇರ ದಾರಿ ಇಲ್ಲ. ಎರಡು ಕಡೆ ಸುಳ್ಳುಸುಳ್ಳೇ ತಿರುಗಿ, ಒಂದು ಹಳ್ಳ ದಾಟಿದ ಮೇಲೆ ತಟ್ಟನೆ ಮನೆಗಳು ಕಾಣುತ್ತವೆ. ಈಗ ಯಾರೂ ಹಿಡಿಯಲು ಬರುವುದಿಲ್ಲ, ದಾರಿ ಮಾತ್ರ ಹಳೆಯದೇ ಇದೆ. ಊರಬಾಗಿಲಿಗೆ ತಾಳೆಗರಿ ಸೀಳಿ ತೋರಣ ಇಳಿಬಿಟ್ಟಿದ್ದಾರೆ. ಅದರ ಕೆಳಗೇ ಹಾದು ಒಳಬರಬೇಕು, ಕೆಟ್ಟದ್ದು ಹೊರಗೇ ಉಳಿಯುತ್ತದಂತೆ. ನಾನು ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋದೆ.

ಅಫೀಬಾ ಅಜ್ಜಿ ಅಂಗಳದಲ್ಲಿ ಮರದ ಮಣೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸಣಕಲು ಜೀವ, ನೆಟ್ಟಗಿನ ಬೆನ್ನು. ಮೊಮ್ಮಗಳನ್ನು ನೋಡಿ ಮುಖ ತಿರುಗಿಸಿದಳು. ನನ್ನನ್ನು ಮಾತ್ರ ಹತ್ತಿರ ಕರೆದಳು. ಈರಣ್ಣ ನಡುವೆ ಕೂತ. ಅವನ ಬಾಯಲ್ಲಿ ಅಜ್ಜಿಯ ಮಾತು ಅಚ್ಚ ಬೀಳಗಿ ಮಾತಾಗಿ ಬರುತ್ತಿತ್ತು, ನನಗೆ ಈಗ ನೆನಪಿರುವುದೂ ಹಾಗೆಯೇ.

"ಯಾವ ವಾರ ಹುಟ್ಟಿದಿ?"

ನನ್ನ ಹೆಸರು ಸೋಮವ್ವ. ಸೋಮವಾರ ಹುಟ್ಟಿದೆನೆಂದು ಇಟ್ಟದ್ದು. ಕಾಲೇಜಿಗೆ ಹೋದಾಗ ನಾಚಿಕೆಯಾಗಿ ಸುಮಾ ಎಂದು ಬದಲಿಸಿಕೊಂಡಿದ್ದೆ. ಇಲ್ಲಿ ಎಲ್ಲರ ಹೆಸರೂ ವಾರದ ಮೇಲೆಯೇ. ಅಬೇನಿ ಎಂದರೆ ಮಂಗಳವಾರದವಳು, ಅಫೀಬಾ ಶುಕ್ರವಾರದವಳು. "ಹಂಗಾರ ನೀ ಅಜುಬಾ," ಎಂದು ಅಜ್ಜಿ ಅಲ್ಲೇ ತೀರ್ಮಾನಿಸಿದಳು. ಆಮೇಲೆ ಊರೆಲ್ಲ ನನ್ನನ್ನು ಹಾಗೆಯೇ ಕರೆಯಿತು. ಮುಂಜಾನೆ ಎದುರಾದವರೆಲ್ಲ "ಎದ್ದಿಯಾ ಅಜುಬಾ?" ಎಂದು ಕೇಳಬೇಕು, "ಎದ್ದೆ, ನೀ ಎದ್ದಿಯಾ?" ಎಂದು ನಾನು ತಿರುಗಿ ಕೇಳಬೇಕು. ಕಣ್ಣೆದುರಿಗೆ ನಡೆದಾಡುತ್ತಿರುವವರನ್ನು ಎದ್ದಿಯಾ ಎಂದು ಕೇಳುವುದೇನು ಎಂದು ನಗು ಬಂತು. ಸಂಜೆ ಐದಕ್ಕೆ ಸಿಕ್ಕವರನ್ನು "ಊಟ ಆತೇನ್ರಿ" ಎಂದು ಕೇಳುವ ಊರಿನವಳು ನಾನು ಎಂಬುದು ಆಮೇಲೆ ನೆನಪಾಯಿತು.

ಬೆಲ್ಲ ಕೊಟ್ಟೆ. ಅಜ್ಜಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಛಲೋ ಐತಿ. ನಿಮ್ಮಲ್ಲಿ ಕಬ್ಬು ಯಾರು ಕಡೀತಾರ?"

"ಮುಂಗಡ ಇಸಗೊಂಡು ಹೊರಗಿನಿಂದ ಗ್ಯಾಂಗು ಬರತಾವ್ರಿ ಆಯಿ."

"ಬ್ಯಾಸರಾದ್ರ ನಡುವ ಬಿಟ್ಟು ಹೋಗತಾರೇನು ಅವರು?"

ಹೌದು ಎನ್ನಲು ಬಾಯಿ ತೆರೆದೆ. ಹೊಲದ ಬದಿಗೆ ಗುಡಿಸಲು ಹಾಕಿಕೊಂಡು, ಕೂಸನ್ನು ಒಣ ಸೋಗೆಯ ರವದಿಯ ಮೇಲೆ ಮಲಗಿಸಿ ಕಬ್ಬು ಕಡಿಯುವ ಹೆಂಗಸರು ಕಣ್ಣ ಮುಂದೆ ಬಂದರು. ಹಂಗಾಮು ಮುಗಿಯುವ ಮೊದಲು ಅವರಲ್ಲಿ ಒಬ್ಬಳು ಹೊರಟುಹೋದದ್ದನ್ನು ನಾನು ನೋಡಿಲ್ಲ. "ಅವರನ್ನ ಎಂದೂ ಕೇಳಿಲ್ರಿ," ಅಂದೆ. ಅಜ್ಜಿ ತಲೆಯಾಡಿಸಿ ಇನ್ನೊಂದು ಚೂರು ಬೆಲ್ಲ ತೆಗೆದುಕೊಂಡಳು.

ಓಡಿ ಬಂದ ಕಾಲದ ಕಥೆ ಹೇಳು ಎಂದು ನಾನು ಪೀಡಿಸಿದೆ. ಅವಳು ಹೇಳಲಿಲ್ಲ. ಆ ಕಾಲದ ಮಾತನ್ನು ಇವರು ಪೂರ್ತಿ ಯಾರಿಗೂ ಹೇಳುವುದಿಲ್ಲವಂತೆ, ಸ್ವಂತ ಮಕ್ಕಳಿಗೂ ತುಸುತುಸುವೇ.

"ಯಾವ ದಾರಿಲೆ ಬಂದಿವಿ, ಎಲ್ಲಿ ಅಡಗಿದಿವಿ ಅಂತ ಎಲ್ಲಾ ಹೇಳಿಬಿಟ್ರ," ಅಂದಳು, "ಅವರು ಮತ್ತ ಬಂದ್ರ ಏನ ಮಾಡೂದು?"

ಈ ಮಾತನ್ನು ಅವಳು ಮೊಮ್ಮಗಳ ಕಡೆ ನೋಡುತ್ತ ಹೇಳಿದಳು. ಅಬೇನಿ ಎದ್ದು ಹೊಳೆಯ ಕಡೆ ಹೋದಳು. ತಲೆಯ ಅರಿವೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

ಒರಳು

ಹೊರಡುವ ಹಿಂದಿನ ದಿನ ಅಜ್ಜಿಯೂ ಸೇರಿ ಹೆಂಗಸರೆಲ್ಲ ಹೊಲಕ್ಕೆ ಗೆಣಸು ಅಗೆಯಲು ಹೋದರು. ಈರಣ್ಣ ದೋಣಿಯವನ ಎಂಜಿನ್ನು ಬಿಚ್ಚಿಕೊಂಡು ದಂಡೆಯಲ್ಲಿ ಕೂತಿದ್ದ. ಪಾದ ಊದಿದ ನಾನೊಬ್ಬಳೇ ಮನೆಯಲ್ಲಿ.

ಕೂತು ಕೂತು ನನಗೆ ಅಬೇನಿಯ ಚಿಂತೆಯೇ ಆಯಿತು. ಅಜ್ಜಿ ತಲೆ ಹೆಣೆಯದಿದ್ದರೆ ಬೇಡ, ನಾನಾದರೂ ಉಡಿ ತುಂಬಿ ಕಳಿಸುತ್ತೇನೆ, ಅದನ್ನು ಕಂಡು ಮುದುಕಿಯ ಮನಸ್ಸು ಕರಗಲೂಬಹುದು ಎಂದು ಲೆಕ್ಕ ಹಾಕಿದೆ. ಖಣ ಇತ್ತು. ಅಕ್ಕಿ ಬೇಕಿತ್ತು. ಮೂಲೆಯ ಚೀಲದಲ್ಲಿ ಈರಣ್ಣ ತಂದ ಗಿರಣಿ ಅಕ್ಕಿ ಇತ್ತು, ತುಂಬ ನುಚ್ಚು. ಉಡಿಗೆ ನುಚ್ಚು ಹಾಕಿದರೆ ಹೆಣ್ಣುಮಗಳ ಬಾಳು ನುಚ್ಚಾಗುತ್ತದೆ ಎನ್ನುತ್ತಿದ್ದಳು ನಮ್ಮ ಅವ್ವ. ಉಡಿಯಕ್ಕಿ ಇಡಿಯಾಗಿರಬೇಕು, ತವರಿನ ಹೊಲದ್ದಾಗಿರಬೇಕು.

ಒಲೆಯ ಮೇಲೆ, ಹೊಗೆ ತಾಗುವಲ್ಲಿ, ಭತ್ತದ ತೆನೆಗಳ ಕಟ್ಟುಗಳು ತೂಗುತ್ತಿದ್ದವು. ಸಣ್ಣ, ಕೆಂಪು ಭತ್ತ. ನನ್ನ ಕಣ್ಣಿಗೆ ಅದು ಹಬ್ಬಕ್ಕೆಂದು ಎತ್ತಿಟ್ಟ ಒಳ್ಳೆಯ ಭತ್ತ. ಮಣೆ ಹತ್ತಿ ಇಳಿಸಿದೆ. ಅಂಗೈಯಲ್ಲಿ ಉಜ್ಜಿ ಉದುರಿಸಿದೆ. ಅಂಗಳದ ಮರದ ಒರಳಿಗೆ ಹಾಕಿ, ಮದುವೆಯಾದ ಹೊಸದರಲ್ಲಿ ಕುಟ್ಟಿದ್ದನ್ನು ನೆನೆದು, ಕುಟ್ಟುವ ಪದ ಹಾಡುತ್ತ ಕುಟ್ಟಿದೆ. ನುಚ್ಚಾಗದಂತೆ ಹಗುರ ಕೈಯಲ್ಲಿ ಕುಟ್ಟಿದೆ. ಮರದ ತಟ್ಟೆಯಲ್ಲಿ ಕೇರಿದೆ. ಅಕ್ಕಿ ನಸುಗೆಂಪಾಗಿ, ಇಡಿ ಇಡಿಯಾಗಿ ಬಂತು. ಒಂದು ಕಟ್ಟು ಮಾತ್ರ ಉಳಿಸಿದೆ, ಮನೆಯವರಿಗೂ ಇರಲಿ ಎಂದು.

ಹೆಂಗಸರು ಹೊಲದಿಂದ ಬಂದರು. ನಾನು ತಟ್ಟೆ ಹಿಡಿದು ನಗುತ್ತ ನಿಂತೆ. ಮುಂದಿದ್ದವಳು ಅಬೇನಿ. ಅವಳು ಅಕ್ಕಿ ನೋಡಿದಳು, ಒಲೆಯ ಮೇಲೆ ನೋಡಿದಳು, ತಲೆಯ ಮೇಲಿನ ಬುಟ್ಟಿಯನ್ನು ನೆಲಕ್ಕೆ ಬಿಟ್ಟಳು. ಹಿಂದಿದ್ದವರಲ್ಲಿ ಒಬ್ಬಳು ದಂಡೆಯ ಕಡೆ ಓಡಿದಳು. ಈರಣ್ಣ ಎಣ್ಣೆಗೈಯಲ್ಲೇ ಓಡಿ ಬಂದ.

"ಅಕ್ಕಾ, ಏನ ಮಾಡಿದಿಬೇ? ಅದು ಬೀಜದ ಭತ್ತ."

ಅದು ಬರೀ ಬೀಜವಲ್ಲ. ಇವರ ಮೂಲದ ತಾಯಿಯೊಬ್ಬಳು ತೋಟದಿಂದ ಓಡಿ ಬರುವಾಗ ತಂದ ಭತ್ತ, ಅವಳ ಹೆಸರಿನದೇ. ಎರಡು ವರ್ಷ ಹೊಳೆ ಉಕ್ಕಿ ಹೊಲಗಳು ಹೋದ ಮೇಲೆ ಈ ಊರಿನಲ್ಲಿ ಅಜ್ಜಿಯ ಒಲೆಯ ಮೇಲೆ ಮಾತ್ರ ಉಳಿದಿತ್ತು. ಬರುವ ತಿಂಗಳು ಬಿತ್ತನೆ.

ನನ್ನ ತವರಿನಲ್ಲೂ ಬೀಜದ ತೆನೆಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದರು. ಜೋಳದ್ದು, ಗೋವಿನಜೋಳದ್ದು. ಹುಳ ಬೀಳಬಾರದೆಂದು. ಅದನ್ನು ನೋಡುತ್ತಲೇ ಬೆಳೆದ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ, ನನ್ನ ತಲೆಯ ತುಂಬ ಉಡಿಯೇ ಇತ್ತು. ಅಜ್ಜಿಯ ಕಾಲ ಬಳಿ ಕೂತು ಅತ್ತೆ. ಅವಳು ತಟ್ಟೆಯಿಂದ ಹಿಡಿ ಅಕ್ಕಿ ಎತ್ತಿ, ಬೆರಳ ಸಂದಿಯಿಂದ ಸುರಿದು ನೋಡಿದಳು.

"ಛಲೋ ಕುಟ್ಟೀದಿ," ಅಂದಳು. "ಒಂದೂ ಮುರದಿಲ್ಲ."

ಅವತ್ತು ಅವಳು ಉಣ್ಣಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಹೆರಳು

ಮರುದಿನ ಬೆಳಗಾಗುತ್ತಿದ್ದಂತೆ ಅಂಗಳದಲ್ಲಿ ಅಜ್ಜಿಯ ದನಿ ಕೇಳಿತು. ಹೊರಗೆ ಬಂದು ನೋಡಿದರೆ ಅವಳು ಮಣೆಯ ಮೇಲೆ ಕೂತಿದ್ದಳು, ಅಬೇನಿ ಅವಳ ಮೊಣಕಾಲುಗಳ ನಡುವೆ ನೆಲದ ಮೇಲೆ. ಪಕ್ಕದಲ್ಲಿ ನಾನು ಉಳಿಸಿದ್ದ ಕಟ್ಟಿನಿಂದ ಉದುರಿಸಿದ ಭತ್ತ, ಒಂದು ಸೋರೆಬುರುಡೆಯಲ್ಲಿ. ಹಣಿಗೆಯಿಂದ ಬೈತಲೆ ತೆಗೆದು, ಕೂದಲನ್ನು ನೆತ್ತಿಗೆ ಅಂಟಿಸಿ ಸಣ್ಣಸಣ್ಣ ಸಾಲಾಗಿ ಹೆಣೆಯುತ್ತಿದ್ದಳು. ಪ್ರತಿ ತಿರುವಿಗೂ ಒಂದೆರಡು ಕಾಳು ಒಳಗೆ ಸೇರಿಸುತ್ತಿದ್ದಳು. ಹೆಣೆದ ಮೇಲೆ ಕಾಳು ಕಾಣುತ್ತಿರಲಿಲ್ಲ.

"ಬಾ ಅಜುಬಾ, ಕೂಡು," ಅಂದಳು. "ಕಥಿ ಕೇಳಿದ್ದಿಯಲ್ಲ. ಒಂದು ತುಣುಕು ಹೇಳತೇನಿ. ಆ ತಾಯಿ ಓಡಿ ಬರೂ ಮುಂದ ಕೈಯಾಗ ಏನೂ ಹಿಡದಿರಲಿಲ್ಲ. ಕೈಯಾಗ ಇದ್ರ ಕಸಗೊಂತಿದ್ರು. ಗಂಟು ಕಟ್ಟಿದ್ರ ಬಿಚ್ಚಿ ನೋಡತಿದ್ರು. ಹೆಂಗಸಿನ ತಲಿ ಯಾರು ನೋಡತಾರ? ಇಲ್ಲಿ ಬಂದು ತಲಿ ಬಿಚ್ಚಿದಳು, ಬಿತ್ತಿದಳು. ನಾವೆಲ್ಲ ಅದನ್ನ ಉಂಡ ಬೆಳದೀವಿ."

ಹೆಣೆಯುವ ಕೈ ನಿಲ್ಲಲಿಲ್ಲ.

"ಈಕಿ ಅವರ ಊರಿಗೆ ಹೋಗೂದು ನನಗ ಸೇರಿರಲಿಲ್ಲ, ಖರೆ. ನಿನ್ನೆ ನೀ ಕುಟ್ಟಿದ ಮ್ಯಾಲ ಕುಂತು ವಿಚಾರ ಮಾಡಿದೆ. ನೀರು ಬಂತು, ಬೀಜಾ ಉಳೀತು. ಇಲಿ ಬಂದ್ವು, ಉಳೀತು. ಪ್ರೀತಿಲೆ ಬಂದ ಹೆಂಗಸೊಬ್ಬಾಕಿ ಒಂದ ಮಧ್ಯಾಹ್ನದಾಗ ತಗದಳು." ಈರಣ್ಣ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಜ್ಜಿ ಮಾತ್ರ ನಗುತ್ತಿದ್ದಳು. "ನಿನ್ನ ತಪ್ಪಲ್ಲ. ಎಲ್ಲಾ ಒಂದ ಒಲಿ ಮ್ಯಾಲ ಕಟ್ಟಿದಾಕಿ ನಾ. ನಮ್ಮ ಹಿರೇರು ಹಂಗ ಎಂದೂ ಇಡತಿರಲಿಲ್ಲ. ಒಂದು ಹೊಲಾ ಸಿಪಾಯಿಗಳು ಸುಟ್ರ ಕಾಡಿನ್ಯಾಗ ಇನ್ನೊಂದು ಇರತಿತ್ತು. ಅದನ್ನ ಮರತಿದ್ದೆ. ಅರ್ಧಾ ಇಲ್ಲಿ ಬಿತ್ತತೇನಿ. ಅರ್ಧಾ ಈಕಿ ಒಯ್ಯಲಿ, ಅಲ್ಲಿ ಜ್ವಾಪಾನ ಇರಲಿ."

"ಅಧಿಕಾರಿಗಳು ಹಿಡದ್ರ, ಆಯಿ?" ಅಂದೆ. "ನನ್ನ ಅಕ್ಕಿ ಎಲ್ಲಾ ಕಸಗೊಂಡ್ರು."

"ಎಲ್ಲಿ ಇಟ್ಟಿದ್ದಿ?"

"ಚೀಲದಾಗ."

"ಅಲ್ಲೇ ತಪ್ಪಿದಿ ನೋಡು."

ಅಬೇನಿಯ ಹೆಗಲು ಅಲುಗುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯಲಿಲ್ಲ. ಎದುರಿಗೆ ಹೋಗಿ ನೋಡಿದರೆ ಎರಡೂ ಇತ್ತು. ಅಜ್ಜಿ ಕೊನೆಯ ಹೆರಳಿನ ತುದಿಗೆ ಗಂಟು ಹಾಕಿ ಅವಳ ತಲೆಯ ಮೇಲೆ ಕೈ ಇಟ್ಟಳು.

"ಅಲ್ಲಿ ಯಾರರೆ ನಿನಗ ಕೀಳ ಮಾಡಿದ್ರ ಬಿಟ್ಟ ಬಂದಬಿಡು. ಓಡಿ ಬರೂ ದಾರಿ ನಮ್ಮ ಮಂದಿಗೆ ಗೊತ್ತೈತಿ. ಈಗ ಹೋಗು."

"ಹೋಗು ಅನಬ್ಯಾಡ್ರಿ ಆಯಿ," ನನಗೆ ತಡೆಯಲಾಗಲಿಲ್ಲ. "ಹೋಗಿ ಬಾ ಅನ್ರಿ."

ಈರಣ್ಣ ತಿಳಿಸಿ ಹೇಳಿದ. ಅಜ್ಜಿ ಆ ಎರಡು ಶಬ್ದವನ್ನು ಕನ್ನಡದಲ್ಲೇ ಬಾಯಲ್ಲಿ ತಿರುವಿ ನೋಡಿ, ಹೇಳಿದಳು. ನಾನು ಅಬೇನಿಯ ಮಡಿಲಿಗೆ ಖಣ ಇಟ್ಟು, ಕುಟ್ಟಿದ ಆ ಅಕ್ಕಿಯಿಂದಲೇ ಉಡಿ ತುಂಬಿದೆ. ಮಧ್ಯಾಹ್ನ ಅದನ್ನೇ ಅನ್ನ ಮಾಡಿ ಊರವರೆಲ್ಲ ಒಂದೊಂದು ತುತ್ತು ಉಂಡೆವು. ಅಜ್ಜಿಯೂ ಉಂಡಳು. ಕಂಪಿನ ಅನ್ನ.

ದೋಣಿ ಹತ್ತುವಾಗ ಅಜ್ಜಿ ದಂಡೆಯಲ್ಲಿ ನಿಂತು ಮೊಮ್ಮಗಳಿಗೆ ಇನ್ನೊಂದು ಮಾತು ಕೂಗಿದಳು. ಏನೆಂದು ಈರಣ್ಣನನ್ನು ಕೇಳಿದೆ.

"ಹೊಳ್ಳಿ ಹೊಳ್ಳಿ ನೋಡಬ್ಯಾಡ, ಕಾಳು ಉದರತಾವ ಅಂದಳು."

ಆಮ್ಸ್ಟರ್‌ಡ್ಯಾಮ್

ಪರಮಾರಿಬೋದಲ್ಲಿ ಈರಣ್ಣನನ್ನು ಬಿಟ್ಟು ನಾವಿಬ್ಬರೇ ವಿಮಾನ ಹತ್ತಿದೆವು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಮಾತು ಬಾರದು. ಇಬ್ಬರಿಗೂ ಬರುವ ಹರಕು ಇಂಗ್ಲಿಷಿನಲ್ಲಿ ಚಳಿಯ ಬಗ್ಗೆ ಮಾತಾಡಿದೆವು. ಅವಳು ದಾರಿಯುದ್ದಕ್ಕೂ ತಲೆ ಆನಿಸಿ ಮಲಗಲಿಲ್ಲ, ಕೊಡ ಹೊತ್ತವಳಂತೆ ನೆಟ್ಟಗೆ ಕೂತೇ ಬಂದಳು.

ಆಮ್ಸ್ಟರ್‌ಡ್ಯಾಮಿನಲ್ಲಿ ನಾನು ಭಾರತದ ವಿಮಾನಕ್ಕೆ ಕಾಯುವ ಕಡೆ ಹೋಗಬೇಕು, ಅವಳು ಪಾಸ್‌ಪೋರ್ಟ್ ತೋರಿಸಿ ಊರೊಳಗೆ. ದಾರಿ ಕವಲೊಡೆಯುವಲ್ಲಿ ಅವಳು ನಿಂತು, ನಾನು ಉಡಿ ತುಂಬಿದ ದಿನ ತೋರಿಸಿಕೊಟ್ಟಂತೆ, ಬಗ್ಗಿ ನನ್ನ ಕಾಲು ಮುಟ್ಟಿದಳು. ಅರಿವೆಯ ಮೇಲಿಂದಲೇ ತಲೆಗೆ ಕೈ ಇಟ್ಟೆ. ಬೆರಳಿಗೆ ಕಾಳು ತಾಗಿದವು, ಸಣ್ಣಗೆ, ಮೊನಚಾಗಿ, ಸಾಲು ಸಾಲಾಗಿ. ಕೈ ತೆಗೆಯಲು ಮನಸ್ಸಾಗಲಿಲ್ಲ.

ಅವಳು ಸಾಲಿನಲ್ಲಿ ನಿಂತಳು. ನಾನು ಹಗ್ಗದ ಈಚೆ ನಿಂತು ನೋಡಿದೆ. ಗಾಜಿನ ಹಿಂದೆ ಕೂತ ಅಧಿಕಾರಿ ಹೊಂಬಣ್ಣದ ಕೂದಲಿನ ಚಿಕ್ಕ ಪ್ರಾಯದವನು, ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಪಾಸ್‌ಪೋರ್ಟಿನ ಫೋಟೊ ನೋಡಿದ, ಅವಳನ್ನು ನೋಡಿದ, ತನ್ನ ತಲೆ ಮುಟ್ಟಿಕೊಂಡು ಏನೋ ಹೇಳಿದ. ಅರಿವೆ ತೆಗೆ ಎಂದು.

ಹಳದಿ ಡಬ್ಬಿ ಕಣ್ಣ ಮುಂದೆ ಬಂತು. ಅಬೇನಿ ನಿಧಾನವಾಗಿ ಅರಿವೆ ಬಿಚ್ಚಿದಳು. ದೀಪದ ಬೆಳಕು ಅವಳ ಹೆರಳುಗಳ ಮೇಲೆ ನೇರ ಬಿತ್ತು. ಅವನು ಅವಳ ತಲೆಯನ್ನು ಮುಂದಿನಿಂದ ನೋಡಿದ, ತುಸು ವಾರೆಯಾಗಿ ತಿರುಗಲು ಹೇಳಿ ಪಕ್ಕದಿಂದಲೂ ನೋಡಿದ. ಅವನ ಕಣ್ಣೆದುರೇ ಇತ್ತು ಎಲ್ಲ. ಅವನಿಗೆ ಕಂಡದ್ದು ಬರೀ ಕೂದಲು. ಮುದ್ರೆ ಒತ್ತಿ ಪಾಸ್‌ಪೋರ್ಟ್ ತಿರುಗಿ ಕೊಟ್ಟ.

"ಹೋಗಿ ಬಾಬೇ," ಎಂದು ನಾನು ಅಲ್ಲಿಂದಲೇ ಕೂಗಿದೆ. ಸಾಲಿನಲ್ಲಿದ್ದವರೆಲ್ಲ ಹೊರಳಿ ನನ್ನನ್ನು ನೋಡಿದರು. ಅವಳೊಬ್ಬಳು ಹೊರಳಲಿಲ್ಲ. ಕೈ ಮೇಲೆತ್ತಿ ತೋರಿಸಿ, ಅರಿವೆ ಕಟ್ಟಿಕೊಳ್ಳುತ್ತ, ತಲೆ ಅಲುಗದಂತೆ ನಡೆದು ಹೋದಳು.